ಬೀಗರ ಬಿಳಿ ಅಂಗಿಯ ಮೇಲೆ ನೂಡಲ್ಸ್

ಕೈ ನಡುಗುವುದೇನು ಅಪರಾಧವೇ? ಖಂಡಿತ ಅಲ್ಲ... ಆದರೆ ಗುರುಮಲ್ಲಪ್ಪನವರು ಮಾತ್ರ ತಮ್ಮ ಬಲಗೈಯನ್ನು ಕದ್ದ ಮಾಲಿನಂತೆ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದರು!

ಮೈಸೂರಿನ ಈ ನಿವೃತ್ತ ಪೋಸ್ಟ್ ಮಾಸ್ಟರು ಒಂದು ಕಾಲಕ್ಕೆ ಪಾಯಸ ಬಡಿಸುವುದರಲ್ಲಿ ಎತ್ತಿದ ಕೈ. ನೆಂಟರ ಮನೆಯ ಯಾವ ಮದುವೆಯಾದರೂ ಸರಿ, ಪಂಚೆ ಎತ್ತಿ ಕಟ್ಟಿ ನಿಂತರೆ ಎಲೆಯಿಂದಾಚೆ ಒಂದು ಹನಿ ಬೀಳುತ್ತಿರಲಿಲ್ಲ.

ಈಗ ನರದ ತೊಂದರೆ... ಬಾಯಿಗೆ ಹೋಗಬೇಕಾದ ಅನ್ನ ಅಂಗಿಗೆ ಹೋಗುತ್ತಿತ್ತು. ನಾಲ್ಕು ಜನರ ಎದುರು ಊಟ ಮಾಡುವುದನ್ನೇ ಅವರು ಬಿಟ್ಟುಬಿಟ್ಟಿದ್ದರು.

ಅಷ್ಟರಲ್ಲಿ ಒಬ್ಬಳೇ ಮಗಳು ಬಿಂದುಶ್ರೀಯ ಮದುವೆ ಗೊತ್ತಾಯಿತು. ಮದುವೆಯ ದಿನ ಹೆಣ್ಣಿನ ತಂದೆ ಬೀಗರ ಪಂಕ್ತಿಯಲ್ಲಿ, ಎಲ್ಲರ ಕಣ್ಣೆದುರು ಕೂತು ಉಣ್ಣಬೇಕಲ್ಲ...

“ನಾನು ಪಂಕ್ತೀಲಿ ಕೂರಲ್ಲ ಕಣವ್ವ. ಏನಾದ್ರೂ ನೆಪ ಹೇಳ್ಬುಡ್ತೀನಿ” ಎಂದರು.

“ನೀವು ಕೂರ್ದಿದ್ರೆ ನಾನೂ ಎಲೆ ಮುಂದೆ ಕೂರಲ್ಲ ಅಪ್ಪಾಜಿ!” ಎಂದಳು ಮಗಳು. ಅಪ್ಪನ ಹಠ ಮಗಳಿಗೆ ಬರದೆ ಇನ್ಯಾರಿಗೆ ಬಂದೀತು?

ಆ ರಾತ್ರಿ ಅವಳು ಕೋಣೆಯಲ್ಲಿ ಅತ್ತದ್ದು ಗುರುಮಲ್ಲಪ್ಪನವರಿಗೆ ಕೇಳಿಸಿತು. ಆದರೂ ಧೈರ್ಯ ಬರಲಿಲ್ಲ...

ಮರುದಿನ ಹುಡುಗನ ತಂದೆ ಶಾಂತವೀರಪ್ಪನವರ ಫೋನು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಮೆಷಿನ್‌ಗಳ ವ್ಯಾಪಾರ ಅವರದು.

“ಬೀಗ್ರೇ, ನಾಳೆ ಮೈಸೂರಿಗೆ ಬರ್ತಾ ಇದೀನಿ. ಮದುವೆ ವಿಷ್ಯ ಮಾತಾಡೋದಿದೆ. ಮಧ್ಯಾಹ್ನ ಹೊರಗೇ ಊಟ ಮಾಡೋಣ, ನಾವಿಬ್ರೇ. ಇಲ್ಲ ಅನ್ಬೇಡಿ!”

ಹೆಣ್ಣು ಕೊಡುವ ಮನೆಯವರು ಇಲ್ಲ ಎನ್ನಲಾದೀತೇ? ಮಾರನೆಯ ಮಧ್ಯಾಹ್ನ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಹೊರಟರು.

ಪೇಟೆಯ ಗದ್ದಲದ ನಡುವೆ ಅದೊಂದು ಪುಟ್ಟ ರೆಸ್ಟೋರೆಂಟ್. ಚೈನೀಸ್ ಊಟ, ವಿಯೆಟ್ನಾಂ ಊಟ ಎರಡೂ ಸಿಗುತ್ತವಂತೆ. ಒಳಗೆಲ್ಲ ಕಾಲೇಜು ಹುಡುಗ ಹುಡುಗಿಯರ ಕಲರವ.

ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಶಾಂತವೀರಪ್ಪನವರು ಆಗಲೇ ಬಂದು ಕೂತಿದ್ದರು. “ಬನ್ನಿ ಬನ್ನಿ... ಹೆದರ್ಕೋಬೇಡಿ, ಎಲ್ಲಾ ವೆಜ್ಜೇ ಹೇಳಿದೀನಿ!”

ಮೊದಲು ಒಂದು ತಟ್ಟೆ ಹುರಿದ ಕಡಲೆಬೀಜ ಬಂತು. ಆಮೇಲೆ ದೊಡ್ಡ ಬಟ್ಟಲುಗಳಲ್ಲಿ ಹಬೆಯಾಡುವ ನೂಡಲ್ಸ್ ಸೂಪು, ನಿಂಬೆಹೋಳು, ಘಮಘಮಿಸುವ ಹಸಿ ಸೊಪ್ಪು... ಪಕ್ಕದಲ್ಲಿ ಎರಡೆರಡು ಕಡ್ಡಿ. ಅದೇ, ಚಾಪ್‌ಸ್ಟಿಕ್!

ಗುರುಮಲ್ಲಪ್ಪನವರು ಆ ಕಡ್ಡಿಗಳನ್ನೇ ನೋಡಿದರು. ಐದು ಬೆರಳಲ್ಲೇ ತಿನ್ನಲಾಗದವನಿಗೆ ಎರಡು ಕಡ್ಡಿಯೇ?

“ನಂಗೆ ಇವತ್ತು ಯಾಕೋ ಹೊಟ್ಟೆ ಸರಿಯಿಲ್ಲ...” ಎಂದು ಬಾಯಿ ತೆರೆಯುವಷ್ಟರಲ್ಲಿ, ಪಚಕ್! ಬೀಗರ ಕಡ್ಡಿಯಿಂದ ಜಾರಿದ ನೂಡಲ್ಸ್ ಬಿಳಿ ಅಂಗಿಯ ಮೇಲೆ ಉದ್ದಕ್ಕೆ ಇಳಿದು ಜೇಬಿನ ಅಂಚಿಗೆ ನೇತಾಡಿತು.

“ನೋಡಿ ಬೀಗ್ರೇ, ಕೈಗೆ ಬಂದ ತುತ್ತು ಜೇಬಿಗೆ ಬಂತು!” ಶಾಂತವೀರಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. ಮತ್ತೆ ಎತ್ತಿದರು... ಈ ಸಲ ತೊಡೆಯ ಮೇಲೆ!

ಗುರುಮಲ್ಲಪ್ಪನವರು ಸುತ್ತ ನೋಡಿದರು. ಎಲ್ಲ ಟೇಬಲ್ಲಿನಲ್ಲೂ ಅದೇ ಪಾಡು. ಒಬ್ಬಳ ಗಲ್ಲದ ಮೇಲೆ ಸಾಸು, ಇನ್ನೊಬ್ಬನ ಕಡ್ಡಿ ನೆಲದ ಮೇಲೆ... ಎಲ್ಲರೂ ಚೆಲ್ಲುತ್ತಿದ್ದರು, ಎಲ್ಲರೂ ನಗುತ್ತಿದ್ದರು.

ಆ ಬಲಗೈ ಮೆಲ್ಲಗೆ ಜೇಬಿನಿಂದ ಹೊರಗೆ ಬಂತು.

ಎತ್ತಿದರು, ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಯಾರೂ ತಿರುಗಿ ನೋಡಲಿಲ್ಲ! ಕೊನೆಗೊಂದು ಎಳೆ ಬಾಯಿಗೆ ಸಿಕ್ಕಾಗ ಚಿಕ್ಕ ಮಗುವಿನ ಹಾಗೆ ಖುಷಿಪಟ್ಟರು.

“ಚೀನಾ, ವಿಯೆಟ್ನಾಂ ಕಡೆ ಸೂಪನ್ನ ಹೀಗೆ ಎತ್ತಿ ಕುಡೀಬಹುದಂತೆ” ಎಂದು ಬೀಗರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಸೊರ್ ಎಂದು ಹೀರಿದರು. ಇವರೂ ಹೀರಿದರು. ಜನರ ಮಧ್ಯೆ ಹೀಗೆ ಹೊಟ್ಟೆ ತುಂಬಾ ಉಂಡು ಅದೆಷ್ಟು ಕಾಲವಾಗಿತ್ತೋ...

ಕೈ ತೊಳೆಯಲು ಎದ್ದುಹೋದ ಗುರುಮಲ್ಲಪ್ಪನವರು ಹಿಂತಿರುಗುವಾಗ ಕಂಬದ ಬಳಿ ಗಕ್ಕನೆ ನಿಂತರು.

ಟೇಬಲ್ಲಿನಲ್ಲಿ ಒಬ್ಬರೇ ಕೂತಿದ್ದ ಬೀಗರು ಏನೋ ಯೋಚಿಸುತ್ತಾ ಕಡಲೆಬೀಜ ತಿನ್ನುತ್ತಿದ್ದರು... ಅದೇ ಕಡ್ಡಿಗಳಲ್ಲಿ!

ಒಂದೊಂದೇ ಬೀಜ. ಕೋಳಿ ಕಾಳು ಹೆಕ್ಕಿದಷ್ಟು ಸಲೀಸಾಗಿ. ಒಂದೂ ಜಾರಲಿಲ್ಲ.

ಇವರನ್ನು ಕಂಡದ್ದೇ ತಡ, ಕಡ್ಡಿಯಲ್ಲಿದ್ದ ಬೀಜ ಟಪ್ಪನೆ ಕೆಳಗೆ ಬಿತ್ತು. “ಅಯ್ಯೋ, ಬಿತ್ತಲ್ಲಪ್ಪಾ!” ಎಂದರು ಶಾಂತವೀರಪ್ಪನವರು.

ಗುರುಮಲ್ಲಪ್ಪನವರು ಬಂದು ಕೂತರು. ಕಣ್ಣು ತುಂಬಿ ಬಂದಿತ್ತು.

“ಬೀಗ್ರೇ... ಎಷ್ಟು ಚೆನ್ನಾಗಿ ಬೀಳಿಸ್ತೀರಿ ನೀವು!”

ಶಾಂತವೀರಪ್ಪನವರು ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗನಂತೆ ತಲೆ ತಗ್ಗಿಸಿದರು.

“ಮೆಷಿನ್ ತರೋಕೆ ಅಂತ ಚೀನಾಕ್ಕೆ ವರ್ಷಗಟ್ಟಲೆ ಓಡಾಡಿದೀನಿ. ಈ ಕಡ್ಡಿ ಅಭ್ಯಾಸ ಆಗೋಗಿದೆ...”

ಕಡ್ಡಿಗಳನ್ನು ಬದಿಗಿಟ್ಟು ಮುಂದುವರಿಸಿದರು. “ನಿಶ್ಚಿತಾರ್ಥದ ದಿನ ನೀವು ಒಪ್ಪೊತ್ತು, ಊಟ ಮಾಡಲ್ಲ ಅಂದ್ರಿ. ಆಮೇಲೆ ಅಡುಗೆಮನೆ ಬಾಗಿಲ ಹಿಂದೆ ನಿಂತ್ಕೊಂಡು ಒಬ್ರೇ ಮೊಸರನ್ನ ತಿಂತಾ ಇದ್ರಿ, ಅರ್ಧ ಅಂಗಿ ಮೇಲೇ ಚೆಲ್ಲಿತ್ತು. ನಾನು ನೋಡ್ಬಿಟ್ಟೆ. ಮಗಳನ್ನೇ ನಮ್ಮನೆಗೆ ಕೊಡೋ ಮನುಷ್ಯ ಬಾಗಿಲ ಹಿಂದೆ ನಿಂತು ತಿನ್ನೋದಾ ಅಂತ ನಂಗೆ ನಿದ್ದೆ ಬರ್ಲಿಲ್ಲ ಬೀಗ್ರೇ...”

ಗುರುಮಲ್ಲಪ್ಪನವರು ನಡುಗುವ ಕೈಯನ್ನು ಚಾಚಿ ಬೀಗರ ಕೈ ಹಿಡಿದುಕೊಂಡರು. ಆಮೇಲೆ ಹೇಳಿದರು, “ಮದುವೆ ದಿನ ನನ್ನ ಎಲೆ ನಿಮ್ಮ ಪಕ್ಕಾನೇ ಹಾಕ್ಸಿ.”

ಹಾಗೇ ಆಯಿತು! ಬೀಗರ ಪಂಕ್ತಿಯಲ್ಲಿ ಪಾಯಸ ಬಂತು. ಗುರುಮಲ್ಲಪ್ಪನವರ ರೇಷ್ಮೆ ಪಂಚೆಯ ಮೇಲೆ ಚೆಲ್ಲಿತು... ಮರುಕ್ಷಣವೇ ಪಕ್ಕದ ಪಂಚೆಯ ಮೇಲೂ ಚೆಲ್ಲಿತು. ಇಬ್ಬರೂ ಮುಖ ಮುಖ ನೋಡಿಕೊಂಡು ಬಿದ್ದು ಬಿದ್ದು ನಕ್ಕರು.

ಎದುರಿನ ಎಲೆಯ ಮುಂದೆ ಕೂತಿದ್ದ ಮದುಮಗಳು ಕಣ್ಣೊರೆಸಿಕೊಂಡು, ನಗುನಗುತ್ತಾ ಮೊದಲ ತುತ್ತು ಬಾಯಿಗಿಟ್ಟಳು.

*

ಬೇರೆಯವರ ಕೈಯಿಂದ ಬಿದ್ದ ತುತ್ತನ್ನು ನೋಡದಂತಿರುವುದು ಸಭ್ಯತೆ... ಜೊತೆಯಲ್ಲಿ ತಾನೂ ಒಂದು ತುತ್ತು ಬೀಳಿಸಿಕೊಳ್ಳುವುದು ಪ್ರೀತಿ.

ನಿಮ್ಮವರಲ್ಲೂ ಯಾರಾದರೂ “ನನಗೆ ಹಸಿವಿಲ್ಲ” ಎನ್ನುತ್ತಾ ಬಾಗಿಲ ಹಿಂದೆ ನಿಂತಿರಬಹುದಲ್ಲವೇ... ಒಮ್ಮೆ ತಿರುಗಿ ನೋಡಿದ್ದೀರಾ?