ಒರೆಸಿ ಅಂದ ಮಿಷನ್ನು

“ಸುಕನ್ಯಾ, ನಿಮ್ಮ ಯಂತ್ರ ಸುಳ್ಳು ಹೇಳ್ತಾ ಇದೆ,” ಎಂದರು ಲ್ಯಾಪ್‌ಟಾಪಿನ ಪರದೆಯೊಳಗಿದ್ದ ಮೇಡಂ.

ಸುಕನ್ಯಾ ಪರದೆಯತ್ತ ಬಗ್ಗಿದಳು. ಮೂರು ವಾರದ ಆನ್‌ಲೈನ್ ಇಂಟರ್ನ್‌ಶಿಪ್ಪಿನ ಕಡೆಯ ದಿನ ಅದು. ಮೇಡಂ ಮೈಸೂರಿನಲ್ಲಿ, ಇವಳು ಕೊಟ್ಟೂರಿನ ಮಾಳಿಗೆ ಮನೆಯ ಪಡಸಾಲೆಯಲ್ಲಿ. ಕೊರಿಯರಿನಲ್ಲಿ ಬಂದಿದ್ದ ಸ್ಲೇಟಿನಗಲದ ಸೋಲಾರ್ ಪ್ಯಾನೆಲ್ಲು, ಅದರ ಪಕ್ಕ ಬಿಸಿಲು ಅಳೆಯುವ ಪುಟ್ಟ ಸೆನ್ಸರು, ಎರಡೂ ಮಾಳಿಗೆಯ ಮೇಲೆ. ಅಲ್ಲಿಂದ ವೈರು ಬೆಳಕಿಂಡಿಯೊಳಗೆ ಇಳಿದು ಲ್ಯಾಪ್‌ಟಾಪಿಗೆ ಸೇರಿತ್ತು. ಅವಳು ಬರೆದ ಪ್ರೋಗ್ರಾಮಿನ ಕೆಲಸ ಇಷ್ಟೇ: ಇರುವ ಬಿಸಿಲಿಗೆ ತಕ್ಕಷ್ಟು ಕರೆಂಟು ಬರದಿದ್ದರೆ ಪ್ಯಾನೆಲ್ಲಿನ ಮೇಲೆ ಧೂಳು ಕೂತಿದೆಯೆಂದು ತಿಳಿದು ಮನೆಯ ಫೋನಿಗೆ ಮೆಸೇಜು ಕಳಿಸಬೇಕು. ಇವತ್ತು ಅದನ್ನು ಮಾಡಿ ತೋರಿಸಿದರೆ ಪಾಸು. ಇಲ್ಲದಿದ್ದರೆ ಮುಂದಿನ ರಜೆಯಲ್ಲಿ ಜೂನಿಯರುಗಳ ಜೊತೆ ಕೂತು ಮತ್ತೆ ಮೊದಲಿನಿಂದ. ಆ ಮಾನಗೇಡು ಯಾರಿಗೆ ಬೇಕು!

ಮೊದಲು ಸ್ವಚ್ಛವಾದ ಪ್ಯಾನೆಲ್ಲು. ಆಗ ಯಂತ್ರ ತೆಪ್ಪಗಿರಬೇಕು. ಆಮೇಲೆ ಒಂದು ಹಿಡಿ ಮಣ್ಣು ಉದುರಿಸುವುದು. ಆಗ ಅದು ಕೂಗಬೇಕು. ಹೀಗೆಂದು ಮಾತಾಗಿತ್ತು. ಆದರೆ ಮಣ್ಣನ್ನು ಮುಟ್ಟುವ ಮೊದಲೇ ಪರದೆ ಕೆಂಪಾಗಿ, “ಧೂಳು ಕೂತಿದೆ, ಒರೆಸಿ” ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

“ಬೆಳಿಗ್ಗೆ ನಾನೇ ಒರೆಸಿದ್ದೇನೆ ಮೇಡಂ. ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ,” ಎಂದಳು ಸುಕನ್ಯಾ. ಮೇಡಂ ಮುಂದೆ ಅವಳದು ಪುಸ್ತಕದ ಕನ್ನಡ. ಅವರೋ ಬೈಯುವಾಗಲೂ ಬಹುವಚನ ಬಿಡದವರು. ಇವಳೂ ತೂಗಿ ತೂಗಿ ಮಾತಾಡುತ್ತಿದ್ದಳು.

“ಮೋಡ ಏನಾದ್ರೂ?”

“ಇಲ್ಲ ಮೇಡಂ. ಕಾಲು ಸುಡುವಷ್ಟು ಬಿಸಿಲಿದೆ.”

“ಹಾಗಾದ್ರೆ ನಿಮ್ಮ ಲೆಕ್ಕವೇ ತಪ್ಪಿದೆ. ತಪ್ಪು ಅಂತ ಒಪ್ಕೊಂಡು ಮಿತಿನ ಸ್ವಲ್ಪ ಸಡಿಲ ಮಾಡಿ, ಸುಮ್ಮನಾಗುತ್ತೆ. ಅಂಚಿನಲ್ಲಾದ್ರೂ ಪಾಸು ಮಾಡ್ತೀನಿ. ಬೇರೆ ಮಕ್ಕಳು ಕಾಯ್ತಾ ಇದ್ದಾರೆ.”

ಒಂದು ಅಂಕಿ ಬದಲಿಸಿದರೆ ಮುಗಿಯಿತು. ಸುಕನ್ಯಾಳ ಬೆರಳು ಕೀಬೋರ್ಡಿನವರೆಗೂ ಹೋಯಿತು. ಆದರೆ ಅಷ್ಟರಲ್ಲಿ ಹುಡುಗಿಗೆ ಸಿಟ್ಟು ನೆತ್ತಿಗೇರಿತು. ಊಟ ನಿದ್ದೆ ಬಿಟ್ಟು ಹಾಕಿದ ಲೆಕ್ಕ, ತಿದ್ದಿ ತಿದ್ದಿ ಕಣ್ಣು ಉರಿಸಿಕೊಂಡ ಲೆಕ್ಕ, ಅದು ತಪ್ಪೇ? ಪುಸ್ತಕದ ಕನ್ನಡ ಎಲ್ಲಿ ಹೋಯಿತೋ, ಅವಳಿಗೂ ತಿಳಿಯಲಿಲ್ಲ.

“ಲೆಕ್ಕ ತಪ್ಪಿಲ್ರಿ ಮೇಡಂ! ನನ್ನ ಪ್ರೋಗ್ರಾಂ ಸುಳ್ಳ ಹೇಳಂಗಿಲ್ಲ. ಅದು ಧೂಳೈತಿ ಅಂದ್ರ ಮ್ಯಾಲೆ ಏನೋ ಐತಿ. ತಡೀರಿ, ಮಾಳಿಗಿ ಹತ್ತಿ ನಿಮಗ ತೋರಸ್ತೀನಿ!”

ತನ್ನ ಮೊಬೈಲಿನಲ್ಲೂ ಅದೇ ಮೀಟಿಂಗು ತೆರೆದು, ಮೇಡಂ ಅವರನ್ನು ಕೈಯಲ್ಲಿ ಹಿಡಿದುಕೊಂಡೇ ಏಣಿ ಹತ್ತಿದಳು. ಮೇಲೆ ಅವಳ ಅಜ್ಜಿ ನಾಗಲಿಂಗಮ್ಮ ತಲೆಗೆ ಸೆರಗು ಹೊದ್ದು ಸಂಡಿಗೆ ಒಣಹಾಕುತ್ತಿದ್ದರು. ಪ್ಯಾನೆಲ್ಲಿನ ಕಡೆ ನೋಡಿದ ಸುಕನ್ಯಾ ನಿಂತಲ್ಲೇ ನಿಂತಳು. ಈ ಅಂಚಿನಿಂದ ಆ ಅಂಚಿಗೆ ಮೂರು ಬೆರಳಲ್ಲಿ ಎಳೆದ ದಪ್ಪ ವಿಭೂತಿ. ನಡುವೆ ಕುಂಕುಮ. ಅದರ ಮೇಲೆ, ಬೆಳಗಿನ ಹಡಗಲಿ ಬಸ್ಸಿಗೆ ಬಂದ ಮಲ್ಲಿಗೆ, ಮೊಳದುದ್ದ.

“ಅಜ್ಜೀ! ಏನ್ ಮಾಡಿಬಿಟ್ಟಿ ಇದು?”

“ಏನ್ ಮಾಡೀನಿ? ಪೂಜಿ ಮಾಡೀನಿ,” ಎಂದರು ಅಜ್ಜಿ, ಸಂಡಿಗೆಯಿಂದ ತಲೆ ಎತ್ತದೆ. “ಹೊಸಾ ಮಿಷನ್ನು, ಇವತ್ತು ನಿನ್ನ ಪರೀಕ್ಷಿ. ನಿನ್ನ ಹಣಿಗಿ ವಿಭೂತಿ ಹಚ್ಚಾಕ ಬಂದ್ರ, ಕ್ಯಾಮ್ರಾದಾಗ ಕಾಣತೈತಿ, ಒಲ್ಲೆ ಅಂದಿ. ಅದಕ್ಕ ಇದಕ್ಕ ಹಚ್ಚೀನಿ. ಇದು ಒಲ್ಲೆ ಅನ್ನಲಿಲ್ಲ ನೋಡು.”

ಮೊಬೈಲಿನೊಳಗಿಂದ ಸದ್ದು ಬಂತು. ಮೂರು ವಾರದಲ್ಲಿ ಒಮ್ಮೆಯೂ ಹಲ್ಲು ಕಾಣಿಸದಿದ್ದ ಮೇಡಂ ಬಿದ್ದು ಬಿದ್ದು ನಗುತ್ತಿದ್ದರು. “ಒರೆಸಿ ಸುಕನ್ಯಾ, ಒರೆಸಿ, ನೋಡೋಣ!”

ಸುಕನ್ಯಾ ಮಲ್ಲಿಗೆ ಎತ್ತಿ ಅಜ್ಜಿಯ ಕೈಗಿಟ್ಟು, ದುಪಟ್ಟಾದ ತುದಿಯಿಂದ ಪ್ಯಾನೆಲ್ಲನ್ನು ಉಜ್ಜಿ ಉಜ್ಜಿ ಒರೆಸಿದಳು. ಕರೆಂಟು ಸರ್ರನೆ ಏರಿತು. ಮೊಬೈಲಿನ ಮೀಟಿಂಗಿನಲ್ಲಿ ಕಾಣುತ್ತಿದ್ದ ಲ್ಯಾಪ್‌ಟಾಪಿನ ಪರದೆಯಲ್ಲಿ ಕೆಂಪು ಹೋಗಿ ಹಸಿರು ಬಂತು. ಯಂತ್ರ ಬಾಯಿ ಮುಚ್ಚಿಕೊಂಡಿತು.

“ಇನ್ನು ಮಣ್ಣು ಹಾಕೋದು ಬೇಡ,” ಎಂದರು ಮೇಡಂ ಕಣ್ಣೊರೆಸಿಕೊಳ್ಳುತ್ತ. “ಡೆಮೊ ಆಗೇ ಹೋಯ್ತಲ್ಲ! ನಿಮ್ಮ ಯಂತ್ರ ನಿಜವನ್ನೇ ಹೇಳ್ತಿತ್ತು, ನಾನೇ ನಂಬಲಿಲ್ಲ. ಅಂಚಿನ ಪಾಸಲ್ಲ, ಒಳ್ಳೇ ಪಾಸು.”

ಸುಕನ್ಯಾ ಸಂಡಿಗೆಯನ್ನೂ ಲೆಕ್ಕಿಸದೆ ದಾಟಿ ಹೋಗಿ ಅಜ್ಜಿಯನ್ನು ತಬ್ಬಿಕೊಂಡಳು. ಅಷ್ಟು ಖುಷಿಯಾಗಿತ್ತು ಅವಳಿಗೆ. ಆದರೆ ನಾಗಲಿಂಗಮ್ಮನ ಮುಖ ಯಾಕೋ ಅರಳಲಿಲ್ಲ. ಆಗಿನಿಂದ ಟಿಣ್ ಟಿಣ್ ಎನ್ನುತ್ತಿದ್ದ ಮನೆಯ ಫೋನನ್ನು ಸೊಂಟದಿಂದ ತೆಗೆದು, ದೂರ ಹಿಡಿದು, ಅಕ್ಷರ ಕೂಡಿಸಿ ಓದಿದರು: “ಧೂಳು... ಕೂತಿದೆ... ಒರೆಸಿ.” ಮತ್ತೊಮ್ಮೆ ಓದಿದರು. ಆಮೇಲೆ ಮೊಮ್ಮಗಳ ಕೈಯಲ್ಲಿದ್ದ ಮೊಬೈಲಿನತ್ತ ಬಗ್ಗಿದರು.

“ಮೇಡಮ್ಮಾರ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ.”

“ಕೇಳಿ ಅಜ್ಜಿ.”

“ನಮ್ ಹುಡುಗಿನ ಪಾಸ್ ಮಾಡಿದ್ರಿ, ಚಲೋ ಆತು, ಆಕಿ ಕಷ್ಟಪಟ್ಟಾಳ. ಆದ್ರ ಧೂಳ ಯಾವುದು, ವಿಭೂತಿ ಯಾವುದು ಅನ್ನೋದ ತಿಳೀದ ಈ ಮಿಷನ್ನ ಹೆಂಗ್ರಿ ಪಾಸ್ ಮಾಡಿದ್ರಿ?”