ಕೆಂಪು ಗುಂಡಿ ಇದ್ದ ಜಾಗ

ಚಿಕ್ಕಂದಿನಲ್ಲಿ ಒಲೆಗೆ ಬಿದ್ದ ಚಪ್ಪಲಿಯ ಅದೇ ವಾಸನೆ, ಸುಟ್ಟ ರಬ್ಬರಿನದು. ಕಾರ್ಖಾನೆಯ ಯಂತ್ರಗಳ ವಿನ್ಯಾಸಕಿ ತಲೆಯೆತ್ತಿದಳು. ಯಂತ್ರದ ಉರುಳೆಗಳು, ಅದನ್ನು ವರ್ಷಗಳಿಂದ ನಡೆಸುತ್ತಿದ್ದ, ಎಲ್ಲರೂ ಅಕ್ಕ ಎನ್ನುವ ಕೆಲಸಗಾರ್ತಿಯ ಎಡಗೈಯನ್ನು ರಬ್ಬರ್ ಕೈಗವಸಿನ ಸಮೇತ ನುಂಗುತ್ತಿದ್ದವು.

ಅಕ್ಕನ ಬಲಗೈ ಯಂತ್ರದ ಮಗ್ಗುಲನ್ನು ದಬದಬನೆ ಗುದ್ದುತ್ತಿತ್ತು. ಅಲ್ಲಿದ್ದ, ಯಂತ್ರ ನಿಲ್ಲಿಸುವ ಕೆಂಪು ಗುಂಡಿಯನ್ನು ಕೀಳಿಸಿ, ಅದನ್ನು ಚಂದದ ಸ್ಪರ್ಶಪರದೆಯೊಳಗೆ ಕೂರಿಸಿದವಳು ಈ ವಿನ್ಯಾಸಕಿಯೇ. ಪಳಗಿದ ಕೈ ಯೋಚಿಸುವುದಿಲ್ಲ, ರೂಢಿಯ ಜಾಗಕ್ಕೇ ಹೋಗುತ್ತದೆ ಎಂಬ ಸಿದ್ಧಾಂತವನ್ನು ಓದಿ ಮೊದಲ ದರ್ಜೆ ಪಡೆದವಳೂ ಇವಳೇ. ಓಡಿ ಬಂದು ಪರದೆ ಮುಟ್ಟಿದಳು. ‘ನಿಜವಾಗಿಯೂ ನಿಲ್ಲಿಸಬೇಕೇ?’ ಎಂದು ತಾನೇ ಬರೆದ ಪ್ರಶ್ನೆ ಮೂಡಿತು. ‘ಹೌದು’ ಒತ್ತುವಷ್ಟರಲ್ಲಿ ಎರಡು ಬೆರಳು ಜಜ್ಜಿಹೋಗಿ ನೆಲವೆಲ್ಲ ರಕ್ತವಾಗಿತ್ತು.

ಆಸ್ಪತ್ರೆಯಲ್ಲಿ ಅಕ್ಕ ತನ್ನ ಬಲಗೈಯನ್ನೇ ಬೈಯುತ್ತಿದ್ದಳು. “ಹಾಳಾದ್ದು, ಗುಂಡಿ ಅಲ್ಲಿಲ್ಲ ಅಂತ ಎಷ್ಟು ಸಲ ಹೇಳಿದ್ರೂ ಅಲ್ಲಿಗೇ ಹೋಯ್ತು.”

“ಕೈ ಸರಿಯಾಗೇ ಹೋಯ್ತು ಅಕ್ಕಾ. ತಪ್ಪು ನಂದು. ಗುಂಡೀನ ಅಲ್ಲೇ ಹಾಕಿಸ್ತೀನಿ.”

ಅಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ತನ್ನ ಊಟದ ಡಬ್ಬಿಯನ್ನು ಮೆಲ್ಲನೆ ಅವಳ ಕೈಗಿಟ್ಟಳು. “ಹಾಕಿಸುವಿಯಂತೆ. ಬೆಳಗ್ಗಿಂದ ನೀನೂ ಏನೂ ತಿಂದಿಲ್ಲ, ಮೊದ್ಲು ಉಣ್ಣು.”