ಲೋಟಕ್ಕೊಂದು ನಕ್ಷತ್ರ

ಮೊಮ್ಮಗಳು ಹಾಲು ಕುಡಿದ ಲೋಟವನ್ನು ತಾನೇ ತೊಳೆದಿಟ್ಟಳು. ಸೊಸೆ ಓಡಿಬಂದು ಫ್ರಿಜ್ಜಿನ ಬಾಗಿಲ ಮೇಲಿದ್ದ ಒಳ್ಳೆ ಕೆಲಸಗಳ ಪಟ್ಟಿಯಲ್ಲಿ ಮಗಳ ಹೆಸರಿನ ಮುಂದೆ ಹೊಳೆಯುವ ನಕ್ಷತ್ರವೊಂದನ್ನು ಅಂಟಿಸಿದಳು. "ಗುಡ್ ಜಾಬ್, ಬಂಗಾರೀ!" ಎಂದು ಚಪ್ಪಾಳೆ ತಟ್ಟಿ ಆಫೀಸಿಗೆ ಹೊರಟಳು.

ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಹಸಿ ಹಾಗಲಕಾಯಿ ಕಚ್ಚಿದವರಂತೆ ಮುಖ ಸಿಂಡರಿಸಿದರು. "ಗುಡ್ ಜಾಬಂತೆ, ಬಂಗಾರಿಯಂತೆ!" ಎಂದು ಸೊಸೆಯ ದನಿಯನ್ನೇ ಎಳೆದೆಳೆದು ಅಣಕಿಸಿದರು. "ಥೂ, ಅಸಹ್ಯ! ನಮ್ಮನೇಲಿ ನಾವು ಲೋಟ ತೊಳೆಯೋಕೂ ಲಂಚ! ನಿನ್ನ ವಯಸ್ಸಲ್ಲಿ ನಾನು ಹದಿನಾಲ್ಕು ಜನದ ಪಾತ್ರೆ ಬೂದೀಲಿ ಉಜ್ತಿದ್ದೆ ಕಣೇ. ಮದುವೆಯಾದ್ಮೇಲೆ ಈ ಮನೇಲಿ ಐವತ್ತೆರಡು ವರ್ಷ ಅದೇ ಗೇಯ್ಮೆ."

ಮೊಮ್ಮಗಳು ಕಣ್ಣರಳಿಸಿದಳು. "ಅಬ್ಬಾ! ಹಂಗಾದ್ರೆ ನಿಂಗೆ ಎಷ್ಟು ಸ್ಟಾರ್ ಬಂದಿದೆ ಅಜ್ಜಿ?"

ಅಜ್ಜಿ ಕೈಲಿದ್ದ ಸೊಪ್ಪನ್ನು ಕೆಳಗಿಟ್ಟರು.

ಅಷ್ಟರಲ್ಲಿ ಟೀವಿ ಮುಂದೆ ಕೂತಿದ್ದ ತಾತ ಕೂಗಿದರು: "ಲೇ, ಕಾಫಿ ಎಲ್ಲೇ? ಎಷ್ಟು ಸಲ ಕರೀಬೇಕು ನಿನ್ನ?"

ಐವತ್ತೆರಡು ವರ್ಷದ ಅಭ್ಯಾಸಕ್ಕೆ ಅರ್ಧ ಎದ್ದಿದ್ದ ಅಜ್ಜಿ ಫ್ರಿಜ್ಜಿನ ಕಡೆಗೊಮ್ಮೆ ನೋಡಿದರು. ಮತ್ತೆ ಕೂತು ಸೊಪ್ಪು ಕೈಗೆತ್ತಿಕೊಂಡರು.

"ತರ್ತೀನಿ ರೀ. ಮೊದ್ಲು ಹೇಳಿ, ಎಷ್ಟು ಸ್ಟಾರ್ ಕೊಡ್ತೀರಿ?"